ಪೋಲಿ ನಗೆಯ ಎರಡನೆಯ ಭಾಗ

ಮೂಡಬಿದಿರೆಯ ಒಂದು ಕಾಲೇಜಿನ ವಾರ್ಷಿಕೋತ್ಸವದಲ್ಲಿ ಪ್ರಹಸನ ಸ್ಪರ್ಧೆಯ ತೀರ್ಪುಗಾರನಾಗಿ ಕುಳಿತುಕೊಳ್ಳುವ ಭಾಗ್ಯ ನನಗೆ ಸತತವಾಗಿ ಎರಡು ವರ್ಷ ಒದಗಿತು. ಭಾಗ್ಯವೆಂದು ಸೌಜನ್ಯಕ್ಕೆ ಹೇಳಿದೆ. ಒಂದರ ಹಿಂದೊಂದರಂತೆ ಹದಿನಾಲ್ಕು ಪ್ರಹಸನಗಳನ್ನು ನೋಡಿ, ಪ್ರತಿಯೊಂದಕ್ಕೂ ನೂರರಲ್ಲಿ ಇಷ್ಟು ಎಂದು ಅಂಕ ಹಾಕಿದವನಿಗೆ ನಗು ಎಂಬ ಪದಾರ್ಥದ ಮೇಲೆಯೇ ಜುಗುಪ್ಸೆ ಹುಟ್ಟಿದರೆ ಆಶ್ಚರ್ಯವಿಲ್ಲ.

ಮೊದಲನೆಯ ವರ್ಷ ಗಂಡುಹುಡುಗರ ತಂಡವೊಂದು ತಮ್ಮ ಹಾಸ್ಟೆಲಿನ ಮೇಲೆಯೇ ಒಂದು ಪ್ರಹಸನ ಕಟ್ಟಿ ತಂದಿತ್ತು. ಸಾಂಬಾರಿನಲ್ಲಿ ತೇಲುವ ಒಂದೇ ಒಂದು ನುಗ್ಗೆಯ ತುಂಡನ್ನು ಸೌಟಿನಿಂದ ಆಚೆ ತಳ್ಳಿ ಬಡಿಸುವ ಭಟ್ಟರು, ರಾತ್ರಿ ಕೋಣೆಗಳ ಹೊರಗಿನ ಚಪ್ಪಲಿಗಳನ್ನು ಎಣಿಸಿ ಯಾರು ಪಿಕ್ಚರಿಗೆ ಹೋಗಿದ್ದಾರೆಂದು ಪತ್ತೆ ಹಚ್ಚುವ ವಾರ್ಡನ್, ಅವನನ್ನು ಮೋಸಗೊಳಿಸಲು ಪ್ರತಿ ಬಾಗಿಲಿಗೂ ಹಳೆಯ ಚಪ್ಪಲಿ ಬಾಡಿಗೆಗೆ ಕೊಡುವ ಒಬ್ಬ ಚಾಣಾಕ್ಷ. ಮಾತುಗಳಲ್ಲಿ ಪೋಲಿತನವಿತ್ತು, ಒಂದೆರಡು ಕಡೆ ಪ್ರಾಂಶುಪಾಲರು ಕೆಮ್ಮಿದರು. ಆದರೆ ಮುಂದಿನ ಸಾಲಿನಲ್ಲಿ ನಿಜವಾದ ವಾರ್ಡನ್ನರೇ ಕುಳಿತು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದರು. ನಾನು ಪ್ರಥಮ ಸ್ಥಾನ ಕೊಟ್ಟೆ.

ಮರುವರ್ಷ ಅದೇ ತಂಡ ಅದೇ ಹೆಸರಿನ ಪ್ರಹಸನದ ‘ಭಾಗ ಎರಡು’ ತಂದಿತು. ವಾರ್ಡನ್ ಇದ್ದ, ಬಂದು ಹೋಗುವುದಕ್ಕೆ ಮಾತ್ರ. ಈ ಸಲ ಕಥೆಯ ನಡುವಿಗೆ ಬಂದವಳು ಬೆಳ್ತಂಗಡಿಯ ಘಟ್ಟದ ಬುಡದ ಹಳ್ಳಿಯಿಂದ ಹೊಸದಾಗಿ ಸೇರಿದ ಹುಡುಗಿ. ಹುಡುಗನೊಬ್ಬ ಚೂಡಿದಾರ ತೊಟ್ಟು ಆ ಪಾತ್ರ ಮಾಡಿದ್ದ. ಅವಳ ನಡಿಗೆಗೆ ನಗು, ಅವಳ ಕನ್ನಡಕ್ಕೆ ನಗು, ಅವಳು ತಿಳಿಯದೆ ಆಡಿದ ಎರಡರ್ಥದ ಮಾತಿಗೆ ನಗು. ಸಭಾಂಗಣದ ಬಲಭಾಗ ಬಿದ್ದು ಬಿದ್ದು ನಕ್ಕಿತು. ಎಡಭಾಗದಲ್ಲಿ ವಿದ್ಯಾರ್ಥಿನಿಯರ ಸಾಲುಗಳು ಸುಮ್ಮನಿದ್ದವು. ಕೆಲವರು ಮೊಬೈಲು ನೋಡುತ್ತಿದ್ದರು, ಕೆಲವರು ವೇದಿಕೆಯ ಮೇಲಿನ ಹೂಕುಂಡಗಳನ್ನು. ನಾನು ಕೊನೆಯ ಸ್ಥಾನ ಕೊಟ್ಟೆ.

ಆ ತಂಡದಲ್ಲಿ ನನ್ನ ತಂಗಿಯ ಮಗನೂ ಇದ್ದ ಎಂಬುದು ನನಗೆ ತಿಳಿದದ್ದು ಮುಂದಿನ ಭಾನುವಾರ, ಅವನು ಬಂಟ್ವಾಳದ ನಮ್ಮ ಮನೆಗೆ ಜಗಳಕ್ಕೇ ಎಂಬಂತೆ ಬಂದಾಗ.

“ಮಾವ, ನಿಮ್ಮದು ಹಳೇ ಕಾಲದ ಲೆಕ್ಕ. ಇದು ಅಮೆರಿಕದ ಕಾಲೇಜು ಕಾಮೆಡಿಗಳ ಕ್ರಮ. ನೀವು ಒಂದನ್ನಾದರೂ ನೋಡಿದ್ದುಂಟಾ? ನೋಡದೆ ಅಂಕ ಕೊಟ್ಟರೆ ಹೇಗೆ?”

ಆಕ್ಷೇಪ ನ್ಯಾಯವಾದದ್ದೇ. ಓದದೆ ವಿಮರ್ಶೆ ಬರೆಯುವ ಜಾತಿಗೆ ನಾನು ಸೇರಿದವನಲ್ಲ. ಆದುದರಿಂದ ಆ ಮಳೆಗಾಲದಲ್ಲಿ, ಅವನ ಲ್ಯಾಪ್‌ಟಾಪಿನಲ್ಲಿ, ಕರೆಂಟು ಇದ್ದಷ್ಟು ಹೊತ್ತು, ಹತ್ತು ಚಿತ್ರಗಳನ್ನು ಕ್ರಮವಾಗಿ ನೋಡಿದೆ. ನನ್ನ ಮನೆಯಾಕೆ ಮೊದಲನೆಯದನ್ನು ಅರ್ಧ ನೋಡಿ ಎದ್ದು ಹೋಗಿ ಒಳಗೆ ಹಲಸಿನ ಬೀಜ ಸುಲಿಯುತ್ತ ಕುಳಿತಳು. ಅಲ್ಲಿಂದಲೂ ಒಂದೆರಡು ಸಲ ನಗು ಕೇಳಿಸಿತೆಂಬುದನ್ನು ದಾಖಲೆಗಾಗಿ ಹೇಳುತ್ತೇನೆ.

ಈ ಚಿತ್ರಗಳ ಮೂಲಪುರುಷ ೧೯೭೮ರ ‘ಅನಿಮಲ್ ಹೌಸ್’. ನಿರ್ದೇಶಕ ಜಾನ್ ಲ್ಯಾಂಡಿಸ್. ಸುಮಾರು ಮೂವತ್ತು ಲಕ್ಷ ಡಾಲರಿನಲ್ಲಿ ತಯಾರಾಗಿ ಹದಿನಾಲ್ಕು ಕೋಟಿಗೂ ಮಿಕ್ಕಿ ಗಳಿಸಿದ ಚಿತ್ರ; ಮುಂದೆ ಬಂದ ಪೋಲಿ ಕಾಲೇಜು ಚಿತ್ರಗಳೆಲ್ಲ ಈ ಲಾಭದ ಮೊಮ್ಮಕ್ಕಳು. ಇಲ್ಲಿ ಒಂದು ಮಾತು ವಿವರಿಸಬೇಕು. ಅಮೆರಿಕದ ಕಾಲೇಜುಗಳಲ್ಲಿ ಗ್ರೀಕ್ ಅಕ್ಷರಗಳ ಹೆಸರಿನ ವಿದ್ಯಾರ್ಥಿಕೂಟಗಳಿವೆ. ಆ ಪೈಕಿ ಹಳೆಯದಾದ ‘ಫೈ ಬೀಟಾ ಕಪ್ಪಾ’ ೧೭೭೬ರಷ್ಟು ಹಿಂದಿನದು. ಅದು ಈಗ ವಿದ್ವತ್ತಿನ ಗೌರವಕೂಟ, ಉಳಿದವು ಹಾಗಲ್ಲ. ಅವು ನಮ್ಮ ಹಾಸ್ಟೆಲಿನಂತಲ್ಲ. ಹಾಸ್ಟೆಲಿಗೆ ಶುಲ್ಕ ಕಟ್ಟಿದವ ಸೇರುತ್ತಾನೆ. ಆ ಕೂಟಗಳಿಗೆ ಹಿರಿಯರು ಒಪ್ಪಿದವ ಮಾತ್ರ. ಒಪ್ಪಿಸಿಕೊಳ್ಳುವುದಕ್ಕಾಗಿ ಹೊಸಬನು ಹಲವು ಪರೀಕ್ಷೆಗಳಿಗೆ ಮೈಯೊಡ್ಡಬೇಕು. ಮೊಟ್ಟಮೊದಲಿನ ಅವಮಾನವೇ ಅಲ್ಲಿ ಪ್ರವೇಶಪತ್ರ.

‘ಅನಿಮಲ್ ಹೌಸ್’ ಕಥೆ ನಡೆಯುವುದು ೧೯೬೨ರಲ್ಲಿ, ಫೇಬರ್ ಎಂಬ ಕಲ್ಪಿತ ಕಾಲೇಜಿನಲ್ಲಿ. ಒಂದು ಕಡೆ ಒಮೇಗಾ ಎಂಬ ಸಿರಿವಂತ ಸಭ್ಯರ ಮನೆ. ಇನ್ನೊಂದು ಕಡೆ ಡೆಲ್ಟಾ ಎಂಬ ನಾಲಾಯಕರ ಮನೆ. ಡೀನ್ ವರ್ಮರ್ ಎಂಬಾತ ಒಮೇಗಾದವರ ಕೈಹಿಡಿದು ಡೆಲ್ಟಾದವರನ್ನು ಹೊರಹಾಕಲು ಹೊಂಚುತ್ತಾನೆ. ಜಾನ್ ಬೆಲೂಷಿ ಎಂಬ ಸ್ಥೂಲಕಾಯದ ನಟ ಬ್ಲೂಟೋ ಎಂಬ ತಿಂಡಿಪೋತನಾಗಿ ಮಾತಿಗಿಂತ ಹೆಚ್ಚಾಗಿ ಹುಬ್ಬಿನಿಂದಲೇ ಅಭಿನಯಿಸುತ್ತಾನೆ. ನಮ್ಮ ಬಯಲಾಟದ ಕೋಡಂಗಿಗೆ ಕುಡಿಸಿ ಇಂಗ್ಲಿಷ್ ಕಲಿಸಿದರೆ ಹೀಗಿರುತ್ತಿದ್ದನೇನೋ. ಅಶ್ಲೀಲವಿದೆಯೆ? ಧಾರಾಳವಾಗಿ. ಕೆಲವು ದೃಶ್ಯಗಳಿಗೆ ಇಂದು ಯಾವ ಸಮಜಾಯಿಷಿಯೂ ಸಾಲದು. ಮೇಯರನ ಹದಿಹರೆಯದ ಮಗಳ ಪ್ರಸಂಗ ಅಂಥದು.

ಆದರೂ ಆ ಚಿತ್ರದಲ್ಲಿ ನಗೆಗೆ ಒಂದು ದಿಕ್ಕಿದೆ. ಹೊಸಬನನ್ನು ಒಳಉಡುಪಿನಲ್ಲಿ ಬಗ್ಗಿಸಿ ಹಲಗೆಯಿಂದ ಬಾರಿಸುವ ವಿಧಿ ನಡೆಯುವುದು ಒಮೇಗಾದ ಮನೆಯಲ್ಲಿ, ಎಂದರೆ ಖಳರ ಮನೆಯಲ್ಲಿ. ಪೆಟ್ಟು ತಿನ್ನುತ್ತ ಇನ್ನೊಂದು ಕೊಡಿ ಎಂದು ಬೇಡುವ ಆ ಹುಡುಗನನ್ನು ಕಂಡಾಗ ನಾವು ನಗುವುದು ಹೊಡೆಯುವವರ ಗಾಂಭೀರ್ಯಕ್ಕೆ. ಇನ್ನೊಂದು ದೃಶ್ಯ ನಮ್ಮವರು ಗಮನಿಸಬೇಕಾದದ್ದು. ಒಮೇಗಾದ ಸತ್ಕಾರಕೂಟಕ್ಕೆ ಬಂದ ಇಬ್ಬರು ಪೆದ್ದು ಹುಡುಗರನ್ನು ನಗುನಗುತ್ತಲೇ ಒಂದು ಮೂಲೆಗೆ ಸಾಗಿಸುತ್ತಾರೆ. ಅಲ್ಲಿ ಆಗಲೇ ಒಬ್ಬ ಕುರುಡ, ಒಬ್ಬ ಗಾಲಿಕುರ್ಚಿಯವ, ಒಬ್ಬ ಮುಸಲ್ಮಾನ ಮತ್ತು ಜಗದೀಶನೆಂಬ ಒಬ್ಬ ಭಾರತೀಯ ಕುಳಿತಿದ್ದಾರೆ. ಬೇಡದವರ ಮೂಲೆ ಅದು. ಕುಟುಕಿರುವುದು ಆ ಸಭ್ಯರ ಹಲ್ಲುಕಿರಿತಕ್ಕೆ. ನಮ್ಮ ಜಗದೀಶನಿಗೆ ಒಂದು ಮಾತನ್ನೂ ಕೊಡದಿರುವುದು ಚಿತ್ರದ ಕುಂದು. ಆದರೆ ಅವನನ್ನು ಮೂಲೆಗೆ ಕೂರಿಸಿದವರು ಯಾರೆಂಬುದನ್ನು ಅದು ಮರೆಯುವುದಿಲ್ಲ.

ಕೊನೆಯಲ್ಲಿ ಪಾತ್ರಗಳು ಮುಂದೇನಾದರೆಂದು ಪರದೆಯ ಮೇಲೆ ಬರಹಗಳು ಮೂಡುತ್ತವೆ. ತಿಂಡಿಪೋತ ಬ್ಲೂಟೋ ಸೆನೆಟರ್ ಆದನಂತೆ. ಕವಾಯತಿನ ಹಮ್ಮಿನ ಒಮೇಗಾದವನೊಬ್ಬ ವಿಯೆಟ್ನಾಮಿನಲ್ಲಿ ತನ್ನ ಪಡೆಯವರ ಗುಂಡಿಗೇ ಬಲಿಯಾದನಂತೆ. ವಿಯೆಟ್ನಾಂ ಮತ್ತು ವಾಟರ್‌ಗೇಟ್ ಎರಡನ್ನೂ ಕಂಡುಂಡ ಪ್ರೇಕ್ಷಕರಿಗೆ ಹದಿನಾರು ವರ್ಷ ಹಿಂದಿನ ಕಥೆ ಹೇಳುವ ಜಾಣ್ಮೆ ಇದು. ತಿಂಡಿ ಎರಚಾಡುವ ಆಟದ ಹಿಂದೆ ಒಂದು ದೇಶದ ಸಿಟ್ಟಿದೆ.

ಇದಾದ ಮೇಲೆ ೧೯೯೯ರ ‘ಅಮೆರಿಕನ್ ಪೈ’. ಇದು ಕಾಲೇಜಿಗೆ ಕಾಲಿಡುವ ಮುಂಚಿನ ಹುಡುಗರ ಕಥೆ. ಜಿಮ್ ಎಂಬ ಮುಜುಗರದ ಹುಡುಗ, ಅವನಿಗಿಂತಲೂ ಮುಜುಗರಪಡುತ್ತ ಬುದ್ಧಿ ಹೇಳಲು ಬರುವ ತಂದೆ. ಯೂಜೀನ್ ಲೆವಿ ಎಂಬ ನಟ ಆ ತಂದೆಯನ್ನು ಎಷ್ಟು ಮಮತೆಯಿಂದ ಮಾಡಿದ್ದಾನೆಂದರೆ, ಒಳಗೆ ಬೀಜ ಸುಲಿಯುತ್ತಿದ್ದವಳು ನಕ್ಕದ್ದು ಅವನ ಮಾತಿಗೇ. ಆದರೆ ಇದರಲ್ಲೇ ಒಂದು ಪ್ರಸಂಗವಿದೆ. ಪರದೇಶದಿಂದ ಓದಲು ಬಂದ ನಾಡಿಯಾ ಎಂಬ ಹುಡುಗಿ ಜಿಮ್‌ನ ಕೋಣೆಯಲ್ಲಿ ಉಡುಪು ಬದಲಿಸುವುದನ್ನು ಕಂಪ್ಯೂಟರಿನ ಕ್ಯಾಮರಾ ಊರಿಗೆಲ್ಲ ಬಿತ್ತರಿಸುತ್ತದೆ. ಪರಿಣಾಮ? ನಾಡಿಯಾಳನ್ನು ಅವಳ ದೇಶಕ್ಕೆ ವಾಪಸು ಕಳುಹಿಸುತ್ತಾರೆ. ಕ್ಯಾಮರಾ ಇಟ್ಟವನಿಗೆ ಸಿಕ್ಕ ಶಿಕ್ಷೆ ಗೆಳೆಯರ ಅಪಹಾಸ್ಯ. ಇಂಥ ಕೃತ್ಯ ಭಾರತದಲ್ಲಿ ೨೦೧೩ರಿಂದ ಕಾನೂನಿನಲ್ಲೇ ಹೆಸರಿಸಲ್ಪಟ್ಟ ಅಪರಾಧ. ಅದಿರಲಿ, ಕಾನೂನಿನ ಮಾತು ಇಲ್ಲಿ ಬೇಡ. ಕಥಾನ್ಯಾಯದ ಮಾತು ಸಾಕು. ನಗೆಯ ಬಿಲ್ಲನ್ನು ಯಾರು ತೆತ್ತರು? ತಪ್ಪು ಮಾಡದವಳು. ಅವಳನ್ನು ವಿಮಾನ ಹತ್ತಿಸಿದ ಮೇಲೆ ಕಥೆಗೆ ಅವಳ ಚಿಂತೆಯಿಲ್ಲ.

ಈ ಬಿರುಕಿನೊಳಗಿಂದಲೇ ಮುಂದಿನ ಸಂತಾನ ಬಂತು. ಚಿತ್ರಮಂದಿರಕ್ಕಾಗಿ ತಯಾರಾದ ಮುಂದುವರಿಕೆಗಳು ಬೇರೆ. ನಾನು ಹೇಳುತ್ತಿರುವುದು ಚಿತ್ರಮಂದಿರದ ಮುಖ ನೋಡದೆ ನೇರವಾಗಿ ತಟ್ಟೆಯಾಗಿ ಅಂಗಡಿಗೆ ಇಳಿದವುಗಳ ವಿಷಯ. ‘ಬ್ಯಾಂಡ್ ಕ್ಯಾಂಪ್’ ೨೦೦೫ರಲ್ಲಿ, ‘ದಿ ನೇಕೆಡ್ ಮೈಲ್’ ೨೦೦೬ರಲ್ಲಿ, ‘ಬೀಟಾ ಹೌಸ್’ ೨೦೦೭ರಲ್ಲಿ, ‘ಬುಕ್ ಆಫ್ ಲವ್’ ೨೦೦೯ರಲ್ಲಿ. ಹನ್ನೊಂದು ವರ್ಷ ಕಳೆದು ೨೦೨೦ರಲ್ಲಿ ಹುಡುಗಿಯರನ್ನೇ ಮುಂದಿಟ್ಟುಕೊಂಡು ‘ಗರ್ಲ್ಸ್ ರೂಲ್ಸ್’. ಈ ವ್ಯಾಪಾರದ ಗುಟ್ಟು ಬಹಳ ಸರಳ. ತಾರೆಯರಿಗೆ ಹಣ ಕೊಡಬೇಕಿಲ್ಲ, ಊರೂರ ಪ್ರಚಾರ ಬೇಕಿಲ್ಲ, ಪೆಟ್ಟಿಗೆಯ ಮೇಲೆ ಪರಿಚಿತ ಹೆಸರೊಂದು ಇದ್ದರೆ ಸಾಕು. ಮೂಲಚಿತ್ರದ ಪುಂಡ ಸ್ಟಿಫ್ಲರ್ ಇಲ್ಲ. ಅವನ ತಮ್ಮ ಇದ್ದಾನೆ, ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳಿದ್ದಾರೆ. ನಮ್ಮ ಕಡೆ ಹೆಸರಾಂತ ಹೋಟೆಲಿನ ಬೋರ್ಡನ್ನು ಬಾಡಿಗೆಗೆ ಪಡೆದು ಭಾವಮೈದ ಇಡ್ಲಿ ಬೇಯಿಸುವುದಿಲ್ಲವೆ, ಹಾಗೆ. ಪಾಪ, ಯೂಜೀನ್ ಲೆವಿ ಮಾತ್ರ ನಾಲ್ಕರಲ್ಲೂ ಬಂದು ತನ್ನ ಪಾಲಿನ ಐದು ನಿಮಿಷದ ಮಾನವನ್ನು ಕಾಪಾಡಿಕೊಂಡು ಹೋಗುತ್ತಾನೆ.

‘ಬ್ಯಾಂಡ್ ಕ್ಯಾಂಪ್’ನಲ್ಲಿ ಸ್ಟಿಫ್ಲರನ ತಮ್ಮ ಹುಡುಗಿಯರ ಬಿಡಾರದಲ್ಲಿ ಗುಟ್ಟಾಗಿ ಕ್ಯಾಮರಾಗಳನ್ನು ಇಡುತ್ತಾನೆ. ೧೯೯೯ರಲ್ಲಿ ಒಂದು ಪ್ರಸಂಗವಾಗಿದ್ದದ್ದು ಇಲ್ಲಿ ಕಥೆಯ ಬೆನ್ನುಮೂಳೆ. ಕೊನೆಗೆ ಅವನಿಗೆ ಪಶ್ಚಾತ್ತಾಪವೇನೋ ಆಗುತ್ತದೆ. ಆದರೆ ಅವನು ಗುಟ್ಟಾಗಿ ಕಂಡದ್ದನ್ನು ಚಿತ್ರ ನಮಗೆ ಮೊದಲೇ ತೋರಿಸಿ ಮುಗಿಸಿರುತ್ತದೆ. ಕದ್ದ ಮಾಲನ್ನು ಮಾರಿ ಹಣ ಎಣಿಸಿಕೊಂಡಾದ ಮೇಲೆ ಕಳ್ಳತನ ಕೆಟ್ಟದ್ದೆಂದು ಹರಿಕಥೆ ಮಾಡಿದ ಹಾಗೆ. ಇನ್ನು ‘ಬೀಟಾ ಹೌಸ್’. ಕೂಟಕ್ಕೆ ಸೇರಬೇಕಾದರೆ ಹೊಸಬರು ಪೂರೈಸಬೇಕಾದ ಕೆಲಸಗಳ ಉದ್ದ ಪಟ್ಟಿ. ಆ ಪಟ್ಟಿ ಕೊಟ್ಟವರೇ ಇಲ್ಲಿ ನಾಯಕರು, ಕೆಲಸಗಳೇ ಮನರಂಜನೆ. ಎದುರಾಳಿಗಳೆಂದರೆ ಓದುಬಡುಕರ ಕೂಟ. ವಾಚಕರು ಗಮನಿಸಬೇಕು: ೧೯೭೮ರಲ್ಲಿ ಖಳರ ಮನೆಯಲ್ಲಿದ್ದ ಹಲಗೆ ೨೦೦೭ರ ಹೊತ್ತಿಗೆ ನಾಯಕರ ಮನೆಗೆ ಸ್ಥಳಾಂತರವಾಗಿದೆ. ಡೀನನೂ ಇಲ್ಲ, ಮೇಯರನೂ ಇಲ್ಲ. ಮೇಲಕ್ಕೆ ಹಾರುತ್ತಿದ್ದ ಕಲ್ಲು ಈಗ ಬೀಳುವುದು ಪಕ್ಕದವನ ತಲೆಗೆ, ಇಲ್ಲವೆ ಹುಡುಗಿಯ ಮೈಗೆ.

ಜಗದೀಶನ ಗತಿಯೇನಾಯಿತೆಂದರೆ, ಅವನಿಗೂ ಬಡ್ತಿ ಸಿಕ್ಕಿತು. ೨೦೦೨ರ ‘ವ್ಯಾನ್ ವೈಲ್ಡರ್’ನಲ್ಲಿ ಕ್ಯಾಲ್ ಪೆನ್ ಎಂಬ ಭಾರತೀಯ ಸಂತತಿಯ ಸಮರ್ಥ ನಟ, ನಾಯಕನ ಕೈಯಾಳು. ೨೦೦೬ರ ಮುಂದುವರಿಕೆಯಲ್ಲಿ ಅವನೇ ನಾಯಕ. ಪಾತ್ರದ ಹೆಸರು ತಾಜ್ ಮಹಲ್ ಬದಲಂದಾಬಾದ್. ಇಂಥ ಹೆಸರಿನ ಮನುಷ್ಯನನ್ನು ನಾನು ಬಂಟ್ವಾಳದಿಂದ ಬೀದರಿನವರೆಗೆ ಕಂಡಿಲ್ಲ. ಮೂಲೆಯಿಂದೆದ್ದು ವೇದಿಕೆಯ ನಡುವೆ ಬಂದು ನಿಂತರೂ ಹೆಸರೇ ಹಾಸ್ಯವಾದರೆ ಬಂದು ಪ್ರಯೋಜನವೇನು? ಮೂರನೆಯದು ೨೦೦೯ರಲ್ಲಿ ತಟ್ಟೆಯಾಗಿಯೇ ಬಂತು. ಅದನ್ನು ಕುರಿತು ಬರೆಯಲು ನನ್ನಲ್ಲಿ ಒಂದು ವಾಕ್ಯಕ್ಕಿಂತ ಹೆಚ್ಚಿಲ್ಲ, ಅದು ಇದೇ.

ಇಷ್ಟನ್ನು ಓದಿದವರು, ಈತ ಅಶ್ಲೀಲವನ್ನು ಕಂಡು ಮೂಗು ಮುಚ್ಚಿಕೊಳ್ಳುವ ಮಡಿವಂತನೆಂದು ತಿಳಿದರೆ ತಪ್ಪು. ಏಳನೆಯ ಶತಮಾನದಲ್ಲಿ ಪಲ್ಲವ ದೊರೆ ಮಹೇಂದ್ರವರ್ಮನು ಕುಡುಕ ಕಾಪಾಲಿಕನನ್ನು ಮುಂದಿಟ್ಟು ‘ಮತ್ತವಿಲಾಸ’ ಬರೆದ ದೇಶ ನಮ್ಮದು. ಭಿಕ್ಷಾಪಾತ್ರೆ ಕಳೆದುಕೊಂಡ ಕಾಪಾಲಿಕ ಬೌದ್ಧ ಸಂನ್ಯಾಸಿಯ ಮೇಲೆ ಹರಿಹಾಯುತ್ತಾನೆ, ಒಯ್ದದ್ದು ನಾಯಿ. ಮೂಡಬಿದಿರೆಯ ರತ್ನಾಕರವರ್ಣಿಗೆ ಶೃಂಗಾರವೂ ವೈರಾಗ್ಯವೂ ಒಂದೇ ಕಾವ್ಯದಲ್ಲಿ ಹಿಡಿಸಿದವು. ಅತ್ತ ನಂದಳಿಕೆಯ ಮುದ್ದಣ ತನ್ನ ಮನೋರಮೆಯ ಕೈಯಲ್ಲಿ ಕವಿಗಳಿಗೆಲ್ಲ ಛೀಮಾರಿ ಹಾಕಿಸಿದ. ಕ್ಷೇಮೇಂದ್ರ ಹೇಳಿದ ಔಚಿತ್ಯವೆಂಬುದು ಮಾತಿನ ಮಡಿಯಲ್ಲ. ಯಾವುದು ಎಲ್ಲಿ, ಯಾರ ಬಾಯಲ್ಲಿ, ಯಾರೆದುರು ಎಂಬ ವಿವೇಕ.

ಆ ವಿವೇಕವನ್ನು ನಮ್ಮ ಹಾಸ್ಯಗಾರರು ಅಲಂಕಾರಶಾಸ್ತ್ರ ಓದಿ ಕಲಿತದ್ದಲ್ಲ. ಮೂಡಬಿದಿರೆಗೆ ಸಮೀಪದ ಮಿಜಾರಿನ ಅಣ್ಣಪ್ಪನವರು ಕರ್ನಾಟಕ ಮೇಳದ ತುಳು ಪ್ರಸಂಗಗಳಲ್ಲಿ ಹಾಸ್ಯಕ್ಕೆ ನಿಂತರೆ, ಅವರ ಮಾತಿನಲ್ಲಿ ಮಡಿಯೇನೂ ಇರುತ್ತಿರಲಿಲ್ಲ. ಆದರೆ ಟೆಂಟಿನ ಮುಂದಿನ ಚಾಪೆಯಲ್ಲಿ ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡ ತಾಯಂದಿರು ಕೂತಿರುತ್ತಿದ್ದರು. ಹಾಸ್ಯಗಾರನ ಕಣ್ಣು ಅವರ ಮೇಲೆ. ಬಾಯಿಗೆ ಬಂದ ಶಬ್ದವನ್ನು ಅರ್ಧಕ್ಕೇ ನುಂಗಿ, ನುಂಗಿದ್ದನ್ನೇ ಇನ್ನೊಂದು ನಗೆಯಾಗಿ ಮಾಡುವ ಕಲೆ ಅದು. ಪೆರುವಡಿ ನಾರಾಯಣ ಭಟ್ಟರ ಪಾಪಣ್ಣನನ್ನು ನೋಡಿದವರಿಗೆ ಇನ್ನೊಂದು ಪಾಠ ಸಿಕ್ಕಿರುತ್ತದೆ. ತಂದೆಯನ್ನು ಹೊಗಳದ ರಾಜಕುಮಾರಿ ಗುಣಸುಂದರಿಯನ್ನು ಸಿಟ್ಟಿಗೆದ್ದ ರಾಜ ಆ ಕುರೂಪಿ ಪಾಪಣ್ಣನಿಗೆ ಕಟ್ಟುತ್ತಾನೆ. ಪಾಪಣ್ಣನ ನಡಿಗೆಗೆ ನಾವು ನಗುತ್ತೇವೆ, ತೊದಲಿಗೆ ನಗುತ್ತೇವೆ. ಇದ್ದಕ್ಕಿದ್ದಂತೆ ನಗು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಏಕೆಂದರೆ ಪಾಪಣ್ಣ ನಮ್ಮನ್ನು ತಿರುಗಿ ನೋಡಿರುತ್ತಾನೆ. ಮುಂದಿನ ನಗೆ ರಾಜನ ಪಾಲು.

ಹಾಗೆಂದು ನಮ್ಮ ಮನೆಯ ಕಸವನ್ನು ಚಾಪೆಯಡಿ ಗುಡಿಸಬಾರದು. ತುಳು ನಾಟಕಗಳ ತಟ್ಟೆಗಳನ್ನು ಒಂದು ಕಾಲದಲ್ಲಿ ಬಿ.ಸಿ. ರೋಡಿನ ಬಸ್ ನಿಲ್ದಾಣದ ಬಳಿ ಮಾರುತ್ತಿದ್ದರು, ನಾನೂ ಕೊಂಡಿದ್ದೇನೆ. ಮೈದಾನದಲ್ಲಿ ಹೊಟ್ಟೆ ಹುಣ್ಣಾಗುವಂತೆ ನಗಿಸಿದ ನಾಟಕವೇ ಮನೆಯ ಟಿ.ವಿ.ಯಲ್ಲಿ ಏಕೋ ಒರಟಾಗಿ ಕಾಣುತ್ತಿತ್ತು. ಕಾರಣ ಈಗ ಹೊಳೆಯುತ್ತಿದೆ. ತಟ್ಟೆಯಲ್ಲಿ ನಟನಿಗೆ ಎದುರಿಲ್ಲ. ಅಮೆರಿಕದ ಆ ತಟ್ಟೆಗಳ ಮೇಲೆ ‘ವರ್ಗೀಕರಿಸಿಲ್ಲ’ ಎಂದು ಅಚ್ಚು ಹಾಕಿ ಮಾರುತ್ತಿದ್ದದ್ದು ಇದೇ ಎದುರಿಲ್ಲದಿರುವಿಕೆಯ ಜಾಹೀರಾತು. ಕೋಣೆಯ ಬಾಗಿಲು ಮುಚ್ಚಿ ಒಬ್ಬನೇ ನೋಡುವವನಿಗಾಗಿ ಮಾಡಿದ ಹಾಸ್ಯಕ್ಕೆ ಯಾರ ಮುಖವನ್ನೂ ನೋಡಬೇಕಾಗಿಲ್ಲ. ತುಳು ಚಿತ್ರಗಳು ೧೯೭೧ರ ‘ಎನ್ನ ತಂಗಡಿ’ಯಿಂದ ಆರಂಭವಾಗಿ ಬಹುಕಾಲ ಕುಂಟುತ್ತಿದ್ದವು, ೨೦೧೧ರ ‘ಒರಿಯರ್ದೊರಿ ಅಸಲ್’ ಮತ್ತು ೨೦೧೪ರ ‘ಚಾಲಿಪೋಲಿಲು’ ಇವು ಜನರನ್ನು ಮತ್ತೆ ಚಿತ್ರಮಂದಿರಕ್ಕೆ ಎಳೆದದ್ದು ನಗೆಯಿಂದಲೇ. ಮೊದಲನೆಯದು ವಿಜಯಕುಮಾರ್ ಕೊಡಿಯಾಲ್‌ಬೈಲರ ರಂಗನಾಟಕವಾಗಿದ್ದದ್ದು. ರಂಗದ ಎದುರಿನಲ್ಲಿ ಪಳಗಿದ ಮಾತಿಗೆ ಒಂದು ಹದವಿರುತ್ತದೆ. ಆ ಬಳಿಕ ಬಂದ ಹಲವು ಚಿತ್ರಗಳಲ್ಲಿ ಅದೇ ನಟರು, ಅದೇ ಮಾತು, ಹದ ಮಾತ್ರ ಇಲ್ಲ.

ಕನ್ನಡ ಚಿತ್ರಗಳಲ್ಲಿ ಎರಡರ್ಥದ ಮಾತಿನ ಕುಲಗುರು ಕಾಶೀನಾಥ್. ಅವರ ೧೯೮೪ರ ‘ಅನುಭವ’ವನ್ನು ನಾವು ಹಾಸ್ಟೆಲಿನ ಹುಡುಗರು ಗೋಡೆ ಹಾರಿ ಹೋಗಿ ನೋಡಿದ್ದೆವು. ಆಗ ಕಂಡದ್ದು ಬೇರೆ, ಈಗ ಕಾಣುವುದು ಬೇರೆ. ಆ ಚಿತ್ರದಲ್ಲಿ ಪೆದ್ದನಾಗುವವನು ಗಂಡೇ; ಉಮಾಶ್ರೀಯವರ ಪದ್ಮಿ ಎಂಬ ಪಾತ್ರ ಕುಚೋದ್ಯದ ವಸ್ತುವಾಗದೆ ಜೀವವುಳ್ಳ ಹೆಣ್ಣಾಗಿ ಉಳಿಯುತ್ತಾಳೆ. ಆಮೇಲಿನ ಎರಡರ್ಥದ ಪರಂಪರೆ ಈ ಎರಡನೆಯ ಗುಣವನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಆನುವಂಶಿಕವಾಗಿ ಪಡೆಯಿತು. ೨೦೨೨ ಮತ್ತು ೨೦೨೩ರಲ್ಲಿ ಎರಡು ಭಾಗವಾಗಿ ಬಂದ ‘ತೋತಾಪುರಿ’ಯಲ್ಲಿ ಜಾತಿಮತಗಳ ಸಾಮರಸ್ಯದ ದೊಡ್ಡ ಮಾತಿದೆ. ಅದನ್ನು ತಲುಪಲು ಮಾವಿನಹಣ್ಣಿನ ಶ್ಲೇಷೆಗಳ ಇಡೀ ತೋಪನ್ನು ದಾಟಬೇಕು. ಜಗ್ಗೇಶರಂಥ ನಟನ ಕಾಲಮಿತಿಗೆ ನಾನು ಸೋತಿದ್ದೇನೆ. ಸೋತು ಸೋತು ಸುಸ್ತಾಗಿದೆ.

ಕಾಲೇಜು ಚಿತ್ರವೆಂದರೆ ಹೇಳಲೇಬೇಕಾದದ್ದು ‘ಕಿರಿಕ್ ಪಾರ್ಟಿ’. ೨೦೧೬ರ ಕೊನೆಯಲ್ಲಿ ತೆರೆಕಂಡ ಈ ಚಿತ್ರ ಕರಾವಳಿಯ ಇಬ್ಬರು ತರುಣರ ಕೆಲಸ. ರಿಷಬ್ ಶೆಟ್ಟರದು ನಿರ್ದೇಶನ, ರಕ್ಷಿತ್ ಶೆಟ್ಟರು ನಾಯಕ. ಹಾಸ್ಟೆಲಿನ ಕೊಳಕು, ಹಳೆಯ ಹಳದಿ ಕಾರು, ಚಂದಾ ಎತ್ತಿ ಸುಖಪಡುವ ಬಡತನ ಇವೆಲ್ಲ ಕಣ್ಣಾರೆ ಕಂಡವರು ಬರೆದದ್ದೆಂದು ಗೊತ್ತಾಗುತ್ತದೆ. ನನ್ನ ತಕರಾರು ಒಂದೇ. ಪೋಲಿ ಹುಡುಗ ಮನುಷ್ಯನಾಗಬೇಕಾದರೆ ಸಾನ್ವಿ ಎಂಬ ಒಳ್ಳೆಯ ಹುಡುಗಿ ಸಾಯಬೇಕಾಯಿತು. ನಾಡಿಯಾಳನ್ನು ವಿಮಾನ ಹತ್ತಿಸಿದ್ದಕ್ಕೂ ಇದಕ್ಕೂ ದೂರದ ನಂಟಿದೆ. ವ್ಯತ್ಯಾಸವೆಂದರೆ ಇಲ್ಲಿ ಅವಳಿಗಾಗಿ ಚಿತ್ರ ನಿಂತು ಅಳುತ್ತದೆ. ಎರಡನೆಯ ಅರ್ಧವೆಲ್ಲ ಆ ಅಳುವಿನ ನೆರಳು. ಅಷ್ಟರಮಟ್ಟಿಗೆ ಅದು ಗೌರವಕ್ಕೆ ಅರ್ಹ.

೨೦೨೩ರ ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’ ನಿತಿನ್ ಕೃಷ್ಣಮೂರ್ತಿಯವರದು. ಬಹುಪಾಲು ಹೊಸ ಮುಖಗಳು. ಒಂದು ರಾತ್ರಿ, ಒಂದು ಹಾಸ್ಟೆಲು, ಒಬ್ಬ ಸತ್ತ ವಾರ್ಡನ್, ಹೆದರಿ ಕಂಗೆಟ್ಟ ಹುಡುಗರು. ಕ್ಯಾಮರಾ ಕಾರಿಡಾರಿನಲ್ಲಿ ಅವರ ಹಿಂದೆ ಏದುಸಿರು ಬಿಡುತ್ತ ಓಡುತ್ತದೆ. ನನ್ನ ವಯಸ್ಸಿನವರಿಗೆ ಸ್ವಲ್ಪ ತಲೆಸುತ್ತು ಬರುವುದು ಸಹಜ. ಗದ್ದಲ ಜಾಸ್ತಿ, ಹೆಣ್ಣಿಗೆ ಜಾಗ ಇಲ್ಲವೆನ್ನುವಷ್ಟು ಕಡಮೆ. ಆದರೂ ಪೋಲಿಗಳಿಗೆ ಪೋಲಿಗಳೇ ಇಲ್ಲಿ ಗುರಿ. ಅವರ ಹೇಡಿತನ, ಸುಳ್ಳು, ಕೊನೆಯ ಗಳಿಗೆಯ ಗೆಳೆತನ, ಎಲ್ಲಕ್ಕೂ ನಗು. ನನ್ನ ಅಳಿಯನ ಮೊದಲ ವರ್ಷದ ಪ್ರಹಸನ ಈ ಜಾತಿಯದು, ಎರಡನೆಯ ವರ್ಷದ್ದು ‘ಬೀಟಾ ಹೌಸ್’ ಜಾತಿಯದು. ಇದನ್ನೇ ಅವನಿಗೆ ಹೇಳಿದೆ.

“ಆದರೆ ಮಾವ, ಎರಡನೇ ವರ್ಷ ಜನ ಜಾಸ್ತಿ ನಗಾಡಿದ್ರಲ್ಲ?”

“ಅರ್ಧ ಜನ.”

“ಅರ್ಧ ಜನ ನಕ್ಕರೂ ಕಾಮೆಡಿಯೇ ಅಲ್ಲವಾ?”

ಇದಕ್ಕೆ ನನ್ನಲ್ಲಿ ಲಾಕ್ಷಣಿಕರ ಉತ್ತರವಿರಲಿಲ್ಲ. ಎದುರು ಇದ್ದರೆ ಹಾಸ್ಯಕ್ಕೆ ಹದ ಬರುತ್ತದೆಂದು ಈಗ ತಾನೆ ಬರೆದೆನಲ್ಲ, ಅವನ ತಂಡಕ್ಕೆ ಎದುರು ಇತ್ತು, ಅದೂ ಸಾವಿರ ಮಂದಿ. ಎಡಗಡೆಯ ಸಾಲುಗಳನ್ನು ಅವರು ನೋಡಲಿಲ್ಲ, ಅಷ್ಟೇ. ನೋಡದಿರುವುದು ಎಷ್ಟು ಸುಲಭವೆಂಬುದು ನನಗೆ ಗೊತ್ತಿರುವುದರಿಂದ ಅವನಿಗೆ ಒಂದು ಹಳೆಯ ಸಂಗತಿ ಹೇಳಬೇಕಾಯಿತು.

‘ಅನುಭವ’ ಬಂದ ಅದೇ ವರ್ಷ. ನಾನು ಎರಡನೆಯ ಬಿ.ಎ. ಹೊಸದಾಗಿ ಸೇರಿದವರಲ್ಲಿ ಚಾರ್ಮಾಡಿಯ ಕೆಳಗಿನ ಹಳ್ಳಿಯೊಂದರ ಹುಡುಗನಿದ್ದ. ಅವನು ಶ, ಷ, ಸಗಳನ್ನು ಒಂದೇ ತೆರನಾಗಿ ನುಡಿಯುತ್ತಿದ್ದ. ಹಿರಿಯರು ಅವನನ್ನು ಊಟದ ಮೇಜಿನ ಮೇಲೆ ಬೈರಾಸಿನಲ್ಲಿ ನಿಲ್ಲಿಸಿ, ಅಂಥ ಅಕ್ಷರಗಳೇ ತುಂಬಿದ ವಾಕ್ಯಗಳನ್ನು ಕಟ್ಟಿ ಹೇಳಿಸಿದರು. ಕೆಲವು ವಾಕ್ಯಗಳಿಗೆ ಅವನಿಗೆ ತಿಳಿಯದ ಇನ್ನೊಂದು ಅರ್ಥವಿತ್ತು. ವಾಕ್ಯಗಳನ್ನು ಕಟ್ಟಿಕೊಟ್ಟವರಲ್ಲಿ ನಾನೂ ಒಬ್ಬ. ಕನ್ನಡ ಮೇಜರ್ ಎಂದು ನನಗೆ ಆ ಗೌರವ. ಬಹಳ ನಗು ಬಂತು. ಈಗ ನೆನೆದರೂ ಆ ವಾಕ್ಯಗಳು ಚೆನ್ನಾಗಿಯೇ ಇದ್ದವೆಂದು ಹೇಳದೆ ಇರಲಾರೆ. ಅವನು ಹದಿನೈದು ದಿನದಲ್ಲಿ ಸಂಜೆಯ ಬಸ್ಸಿಗೆ ಹೊರಟುಹೋದ, ಮರಳಿ ಬರಲಿಲ್ಲ. ಅವನ ಟ್ರಂಕು ಒಂದು ತಿಂಗಳು ಅಲ್ಲೇ ಇತ್ತು. ಅದರೊಳಗೆ ಹಲಸಿನ ಹಪ್ಪಳದ ಕಟ್ಟೊಂದಿದೆ ಎಂದು ಯಾರೋ ಪತ್ತೆ ಮಾಡಿದರು.

“ನೀವೂ ತಿಂದ್ರಾ?” ಎಂದು ಅಳಿಯ ಕೇಳಿದ.

“ತಿಂದೆ.”

ಆಗ ಇದಕ್ಕೆ ಹೆಸರಿರಲಿಲ್ಲವೆಂದೇನೂ ಅಲ್ಲ. ಹೆಸರಿತ್ತು, ಅಂಜಿಕೆ ಇರಲಿಲ್ಲ. ೨೦೦೯ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ ರ್‍ಯಾಗಿಂಗಿನ ವಿರುದ್ಧ ಕಟ್ಟುನಿಟ್ಟಿನ ನಿಯಮ ಮಾಡಿದ ಮೇಲೆ ಪ್ರತಿ ವಿದ್ಯಾರ್ಥಿಯೂ ತಂದೆತಾಯಿಗಳೂ ಮುಚ್ಚಳಿಕೆ ಬರೆದುಕೊಡಬೇಕಾಗಿದೆ. ಮೂಡಬಿದಿರೆಯಲ್ಲೂ ಉಜಿರೆಯಲ್ಲೂ ಇಂದು ಹೊರಜಿಲ್ಲೆ ಹೊರರಾಜ್ಯಗಳಿಂದ ಬಂದ ಸಾವಿರಾರು ಮಕ್ಕಳು ಹಾಸ್ಟೆಲುಗಳಲ್ಲಿದ್ದಾರೆ. ಸಾವಿರ ಕಂಬದ ಬಸದಿಯ ಪೇಟೆಯಲ್ಲಿ ಸಂಜೆ ಹೊತ್ತು ಎಷ್ಟು ಬಗ್ಗೆಯ ಕನ್ನಡ ಕೇಳಿಸುತ್ತದೆ! ಮೇಜಿನ ಮೇಲೆ ನಿಲ್ಲಿಸುವುದು ನಿಂತಿರಬಹುದು. ವೇದಿಕೆಯ ಮೇಲೆ ನಿಲ್ಲಿಸುವುದಕ್ಕೆ ಮುಚ್ಚಳಿಕೆಯ ಅಡ್ಡಿಯಿಲ್ಲ. ಅದಕ್ಕೆ ಬಹುಮಾನವೂ ಉಂಟು, ತೀರ್ಪುಗಾರ ಒಪ್ಪಿದರೆ.

ಆ ಹುಡುಗನನ್ನು ಹತ್ತಿಪ್ಪತ್ತು ವರ್ಷಗಳ ಮೇಲೆ ಬಂಟ್ವಾಳ ಪೇಟೆಯಲ್ಲಿ ಅಡಕೆ ಅಂಗಡಿಯ ಮುಂದೆ ಕಂಡೆ. ಗುರುತು ಹಿಡಿದವನು ಅವನೇ. “ಹೇಗಿದ್ದೀರಿ, ಮೇಷ್ಟ್ರಾದಿರಂತಲ್ಲ” ಎಂದ. ಅಡಕೆಯ ಧಾರಣೆ, ಆ ಸಲದ ಕೊಳೆರೋಗ ಇವನ್ನು ಮಾತಾಡಿದೆವು. ನನ್ನೊಡನೆ ಮಾತಾಡುವಾಗ ಅವನು ಒಂದೊಂದು ‘ಶ’ವನ್ನೂ ನಿಧಾನಿಸಿ, ಸ್ಪಷ್ಟವಾಗಿ, ಪಾಠ ಒಪ್ಪಿಸುವವನ ಹಾಗೆ ನುಡಿಯುತ್ತಿದ್ದ.

ಅಳಿಯ ಇದನ್ನೆಲ್ಲ ಕೇಳಿ ಏನೂ ಹೇಳಲಿಲ್ಲ. ಲ್ಯಾಪ್‌ಟಾಪು ಮಡಿಸಿಕೊಂಡು ರಾತ್ರಿಯ ಬಸ್ಸಿಗೆ ಹೋದ. ಮೊನ್ನೆ ಫೋನು ಮಾಡಿ, ಈ ವರ್ಷ ‘ಭಾಗ ಮೂರು’ ಬರೆಯುತ್ತಿದ್ದೇವೆ ಎಂದ. ಘಟ್ಟದ ಬುಡದ ಹುಡುಗಿ ಇದರಲ್ಲೂ ಇದ್ದಾಳಂತೆ. ಆ ಪಾತ್ರ ಮಾಡಲು ತರಗತಿಯ ವಿದ್ಯಾರ್ಥಿನಿಯೊಬ್ಬಳೇ ಒಪ್ಪಿದ್ದಾಳೆ. ಆದರೆ ತನ್ನ ಮಾತುಗಳನ್ನು ತಾನೇ ಬರೆದುಕೊಳ್ಳುತ್ತೇನೆಂದು ಕರಾರು ಹಾಕಿದ್ದಾಳೆ. ಬರೆದಳೇ ಎಂದು ಕೇಳಿದೆ. ಬರೆದಿದ್ದಾಳೆ, ನಮ್ಮದಕ್ಕಿಂತ ಪೋಲಿಯಾಗಿದೆ, ಪ್ರಾಂಶುಪಾಲರಿಗೆ ಹೇಗೆ ತೋರಿಸುವುದೆಂದು ಗೊತ್ತಾಗುತ್ತಿಲ್ಲ ಎಂದ.

ಈ ಸಲವೂ ತೀರ್ಪುಗಾರನಾಗಲು ಕರೆ ಬಂದಿದೆ. ಸಂಬಂಧಿಕನ ತಂಡವಿರುವುದರಿಂದ ಆಗದೆಂದು ಬರೆದಿದ್ದೇನೆ. ಎಡಗಡೆಯ ಸಾಲುಗಳ ಹಿಂದೆ ಒಂದು ಕುರ್ಚಿ ಹಾಕಿಸಿದರೆ ಸಾಕೆಂದು ಕೇಳಿಕೊಂಡಿದ್ದೇನೆ.